ಮೊಣಕೈ ಊರಿದ ಜಾಗ

ಲಾರಿ ನಿಲ್ದಾಣದ ಹಿಂದುಗಡೆಯ ತಗಡಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಆ ಹೆಂಗಸನ್ನು ಡ್ರೈವರುಗಳೆಲ್ಲ ರಬ್ಬರಕ್ಕ ಎಂದು ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ಆ ಹೆಸರು ಇರಿಸುಮುರಿಸಾಗುತ್ತಿತ್ತು. ಆಮೇಲಾಮೇಲೆ ಫೋನು ಎತ್ತಿದರೆ, "ಹಾಂ, ರಬ್ಬರಕ್ಕನೇ ಮಾತಾಡ್ತಿರೋದು, ಹೇಳಿ" ಎನ್ನುವಷ್ಟು ಒಗ್ಗಿಹೋಯಿತು.

ಗಂಡ ತೀರಿಕೊಂಡಾಗ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಲಾರಿ ತೊಳೆಯುವ ಶೆಡ್ ನಡೆಸುತ್ತಿದ್ದ ತಮ್ಮ, ಇದ್ದುದರಲ್ಲೇ ಹಂಚಿಕೊಂಡು ತಿನ್ನೋಣ ಬಾ ಎಂದು ಅವಳನ್ನು ತನ್ನ ಮನೆಗೆ ಕರೆತಂದ. ಆದರೆ ಕೂತು ಉಣ್ಣುವುದು ಅವಳ ಜಾಯಮಾನವಲ್ಲ. ತಮ್ಮ ಲಾರಿಯ ಬಣ್ಣವನ್ನೇನೋ ಕನ್ನಡಿಯಂತೆ ತೊಳೆದುಕೊಡುತ್ತಿದ್ದ. ಬಿಸಿಲಿಗೆ ಸುಟ್ಟ ಬಂಪರು, ಕನ್ನಡಿಯ ಕವಚ, ಬಾಗಿಲಿನ ರಬ್ಬರು ಮಾತ್ರ ಬೂದಿ ಬಳಿದುಕೊಂಡಂತೆ ಹಾಗೇ ಉಳಿಯುತ್ತಿದ್ದವು. ಹೊಸ ಅಂಗಿ ತೊಟ್ಟು ಹರಿದ ಚಪ್ಪಲಿ ಮೆಟ್ಟಿದ ಹಾಗಿದೆ ಎಂದು ಅವಳು ನಕ್ಕಳು. ನಕ್ಕ ತಪ್ಪಿಗೆ ಆ ಕೆಲಸ ಅವಳ ಕೊರಳಿಗೇ ಬಿತ್ತು.

ಬಿತ್ತು ಎಂದು ಅವಳು ಬೇಸರಪಡಲಿಲ್ಲ. ಕೆಲವು ಡ್ರೈವರುಗಳು ಅವಸರಕ್ಕೆ ಡೀಸೆಲ್ ಒರೆಸಿಕೊಳ್ಳುತ್ತಿದ್ದರು. ಅದು ಎರಡು ದಿನದ ಹೊಳಪು; ಆಮೇಲೆ ರಬ್ಬರು ಉಬ್ಬಿ ಬಿರಿಯುತ್ತಿತ್ತು. ಅಂಥವರನ್ನು ಕಂಡರೆ ಅವಳಿಗೆ ರೇಗುತ್ತಿತ್ತು. ಮುಖಕ್ಕೆ ಪೌಡರ್ ಹಚ್ಚೋ ಮುಂಚೆ ಮುಖ ತೊಳೀಬೇಕಲ್ಲಪ್ಪಾ ಎನ್ನುವಳು. ಸೋಪಿನ ನೀರು ಹಾಕಿ ಬ್ರಷ್ಷಿನಿಂದ ಉಜ್ಜಿ, ಒಣಗಲು ಬಿಟ್ಟು, ಬಣ್ಣದ ಅಂಚಿಗೆ ಕಾಗದದ ಟೇಪು ಅಂಟಿಸಿ, ತೀರಾ ಬೆಳ್ಳಗಾದ ಪ್ಲಾಸ್ಟಿಕ್ಕಿಗೆ ಬಿಸಿಗಾಳಿಯ ಗನ್ ಹಿಡಿದರೆ ಒಳಗೆ ಅಡಗಿದ್ದ ಕಪ್ಪು ಮೆಲ್ಲಗೆ ಮೇಲೆ ಬರುತ್ತಿತ್ತು. ಗನ್ ಒಂದೇ ಕಡೆ ನಿಂತಿತೋ, ಪ್ಲಾಸ್ಟಿಕ್ಕು ಕರಗಿ ಸುಕ್ಕುಗಟ್ಟುತ್ತಿತ್ತು. ರಬ್ಬರಿಗೆ ಬಿಸಿ ಆಗದು. ಅದಕ್ಕೆ ಬಟ್ಟೆಯಲ್ಲಿ ಎಣ್ಣೆಯಂಥ ಪಾಲಿಶ್ ಅದ್ದಿ, ಮಗುವಿನ ಮೈ ತಿಕ್ಕಿದಂತೆ ತಿಕ್ಕಬೇಕು. ಅವಳ ಉಗುರುಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗಲಿಲ್ಲ.

ಮಗ ಆ ಲಾರಿಗಳ ನಡುವೆಯೇ ಬೆಳೆದ. ಮೀನಿನ ಮರಿಗೆ ಈಜು ಕಲಿಸಬೇಕೇ? ಪ್ರಾಯಕ್ಕೆ ಬಂದವನೇ ಸ್ಟೇರಿಂಗ್ ಹಿಡಿದ. ಒಬ್ಬ ಸಾವಕಾರರ ಲಾರಿ ಅವನ ಕೈಗೆ ಬಂತು, ಅದನ್ನು ಸ್ವಂತದ್ದು ಎಂಬಂತೆ ನೋಡಿಕೊಂಡ. ಹೊಲಿಗೆ ಬಲ್ಲ ಒಬ್ಬಳು ಮೆಲುಮಾತಿನ ಹುಡುಗಿ ಸೊಸೆಯಾಗಿ ಬಂದಳು. ಮದುವೆಯಾದ ಮೇಲೆ ಅವನು ದೂರದ ಬಾಡಿಗೆಗಳನ್ನು ಕಡಿಮೆ ಮಾಡಿದ. ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಹೊಂದಿಕೊಂಡರು. ಇವರಿಬ್ಬರಲ್ಲಿ ಜಗಳವೇ ಇಲ್ಲದೆ ನನಗೆ ಹೊತ್ತೇ ಹೋಗುವುದಿಲ್ಲ ಎಂದು ತಮ್ಮನ ಹೆಂಡತಿ ತಮಾಷೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ಯಾರದೋ ವಾಹನ ಪಂಕ್ಚರಾಗಿ ನಿಂತಿತ್ತು. ಮಗ ಲಾರಿಯನ್ನು ಪಕ್ಕಕ್ಕೆ ಹಾಕಿ, ಜಾಕ್ ಹಿಡಿದು ಇಳಿದ. ಹಿಂದಿನಿಂದ ಬಂದ ಕಾರೊಂದು ಅವನನ್ನು ಎತ್ತಿ ಎಸೆಯಿತು. ಜನ ಓಡಿಬಂದಾಗ ಉಸಿರಿರಲಿಲ್ಲ. ಲಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದರ ಹಳದಿ ದೀಪಗಳು ಮಿಣುಕುತ್ತಲೇ ಇದ್ದವಂತೆ.

ಸಾವಕಾರರಿಗೆ ಆ ಲಾರಿಯನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಮಾರುವ ಮುಂಚೆ ಒಂದಿಷ್ಟು ಚಂದ ಮಾಡಿಸಬೇಕಿತ್ತು. ರಬ್ಬರಕ್ಕನ ಎದುರಿಗೆ ಬರಲು ಮುಜುಗರಪಟ್ಟು, ಬೇರೆ ಕಡೆ ಕೊಡುತ್ತೇನೆ, ಬೇಜಾರು ಮಾಡ್ಕೋಬೇಡಿ ಎಂದು ತಮ್ಮನ ಹತ್ತಿರ ಹೇಳಿಕಳಿಸಿದರು. ಅವಳು ಕೈಯಲ್ಲಿದ್ದ ಬ್ರಷ್ಷನ್ನು ಸೋಪಿನ ನೀರಿಗೆ ಹಾಕಿದಳು. ಆಮೇಲೆ ಅಂದಳು:

"ಇಲ್ಲಿಗೇ ತರಲಿ. ಬೇರೆಯವರು ಡೀಸೆಲ್ ಹಚ್ಚಿ ಹಾಳು ಮಾಡ್ತಾರೆ."

ಲಾರಿ ಬಂದ ದಿನ ಸೊಸೆಯೂ ಶೆಡ್ಡಿಗೆ ಬಂದಳು. ಅವಳು ಗಂಡನ ಸೀಟಿನಲ್ಲಿ ಹೋಗಿ ಕೂತಳು. ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಹೊರಗೆ ಅತ್ತೆ ಬಂಪರು ಉಜ್ಜಿದಳು, ಕನ್ನಡಿಯ ಕವಚಗಳಿಗೆ ಗನ್ ಹಿಡಿದಳು, ಚಕ್ರದ ಕಮಾನುಗಳನ್ನು ಒಂದೊಂದಾಗಿ ಕಪ್ಪಗೆ ಮಾಡುತ್ತ ಬಂದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕಣ್ಣಿನಲ್ಲಿ ನೀರಿರಲಿಲ್ಲ.

ಡ್ರೈವರ್ ಕಡೆಯ ಬಾಗಿಲಿಗೆ ಬಂದು ಅವಳು ನಿಂತುಬಿಟ್ಟಳು. ಕಿಟಕಿಯ ಗಾಜಿನ ಕೆಳಗೆ ಉದ್ದಕ್ಕೂ ಹೋಗುವ ರಬ್ಬರ್ ಪಟ್ಟಿ ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿತ್ತು. ನಡುವೆ ಒಂದು ಅಂಗೈಯಷ್ಟು ಜಾಗ ಮಾತ್ರ ಕಪ್ಪಗೆ, ನುಣ್ಣಗೆ ಇತ್ತು. ವರ್ಷಗಟ್ಟಲೆ ಮಗನ ಮೊಣಕೈ ಅಲ್ಲಿ ಊರಿತ್ತು. ಅವನ ಬೆವರು, ಮೈಯ ಜಿಡ್ಡು ಆ ರಬ್ಬರನ್ನು ಸಾಯದಂತೆ ಕಾಪಾಡಿತ್ತು.

ಸೊಸೆ ಒಳಗಿನಿಂದ ಅದೇ ಜಾಗದ ಮೇಲೆ ಬೆರಳಿಟ್ಟಿದ್ದಳು.

"ಅತ್ತೆ, ಈ ಪಟ್ಟಿ ಒಂದನ್ನ ಬಿಟ್ಬಿಡ್ತೀರಾ?"

"ಆ ಜಾಗ ನಾನು ಮುಟ್ಟಲ್ಲಮ್ಮ. ಉಳಿದದ್ದಕ್ಕೆ ಮಾತ್ರ ಹಚ್ತೀನಿ."

"ಉಳಿದದ್ದೆಲ್ಲಾ ಕಪ್ಪಾದ್ರೆ, ಅವರದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟವಳಲ್ಲ ಅತ್ತೆ. ಇನ್ನೊಬ್ಬರ ಲಾರಿಯಲ್ಲಿ ಕುಂದು ಉಳಿಸಿ ಕಳಿಸಿದವಳೂ ಅಲ್ಲ. ಬಟ್ಟೆಯನ್ನು ಪಾಲಿಶ್ಶಿನಲ್ಲಿ ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು. ಕೊನೆಗೆ ಅದನ್ನು ಡಬ್ಬಿಯ ಮೇಲೆ ಹಾಕಿ ಚಕ್ರದ ಪಕ್ಕ ಕುಸಿದು ಕೂತಳು. ಮಗ ಹೋದ ದಿನದಿಂದ ಅಳದಿದ್ದವಳು ಆಗ ಅತ್ತಳು. ಸೊಸೆ ಇಳಿದು ಬಂದು ಪಕ್ಕದಲ್ಲಿ ಕೂತಳು. ತಮ್ಮ ನೀರಿನ ಪೈಪನ್ನು ಸುಮ್ಮನೆ ಬಿಟ್ಟುಕೊಂಡು, ಆಗಲೇ ತೊಳೆದಿದ್ದ ಇನ್ನೊಂದು ಲಾರಿಯನ್ನು ಮತ್ತೆ ತೊಳೆಯುತ್ತ ನಿಂತ.

ಲಾರಿ ಒಯ್ಯಲು ಸಾವಕಾರರೇ ಬಂದರು. ಸುತ್ತು ಬಂದು ನೋಡುತ್ತ, ಡ್ರೈವರ್ ಕಡೆಯ ಬಾಗಿಲ ಹತ್ತಿರ ನಿಂತರು. ಬೂದು ಪಟ್ಟಿಯ ಮೇಲೆ ಕಣ್ಣು ಬಿತ್ತು. ನಡುವಿನ ಕಪ್ಪು ಗುರುತಿನ ಮೇಲೂ ಬಿತ್ತು. ಅವರೂ ಒಂದು ಕಾಲಕ್ಕೆ ಡ್ರೈವರಾಗಿದ್ದವರೇ. ಏನೂ ಕೇಳದೆ ಹತ್ತಿ ಕೂತರು, ಕೈಯನ್ನು ಕಿಟಕಿಗೆ ತಾಗಿಸದೆ ಲಾರಿ ಹೊರಡಿಸಿದರು.

ಆಮೇಲೆ ಊರಿಗೆ ಬಂದುಹೋಗುವ ಡ್ರೈವರುಗಳ ಹತ್ತಿರ ಸೊಸೆ ಆ ಲಾರಿಯ ಸುದ್ದಿ ಕೇಳುವುದು ಅಭ್ಯಾಸವಾಯಿತು. ಒಂದು ಸಲ ಹಳೆಯ ಡ್ರೈವರೊಬ್ಬ ರಬ್ಬರಕ್ಕನೊಬ್ಬಳೇ ಇದ್ದಾಗ ಸುದ್ದಿ ತಂದ. ಕೊಂಡವನು ಮೊದಲ ತಿಂಗಳಲ್ಲೇ ಬಾಗಿಲಿನ ರಬ್ಬರುಗಳನ್ನೆಲ್ಲ ಕಿತ್ತೆಸೆದು ಹೊಸದು ಹಾಕಿಸಿದ್ದನಂತೆ. ಅವನದೇನೂ ತಪ್ಪಿರಲಿಲ್ಲ. ಅವಳು ಆ ಡ್ರೈವರಿಗೆ ಟೀ ಕೊಟ್ಟು, ಈ ಮಾತು ಇಲ್ಲಿಗೇ ಇರಲಿ ಎಂದಳು. ಸಂಜೆ ಸೊಸೆ ಕೇಳಿದಾಗ, "ನೋಡಿದಾರಂತೆ. ಹಾಗೇ ಇದೆಯಂತೆ" ಎಂದಳು. ಅದೇ ಸುಳ್ಳನ್ನು ಆಮೇಲೆಯೂ ಎಷ್ಟೋ ಸಲ ಹೇಳಿದಳು. ಹೇಳುವಾಗ ಕೈಗೆ ಏನಾದರೊಂದು ಕೆಲಸ ಹಚ್ಚಿಕೊಳ್ಳುತ್ತಿದ್ದಳು.

ಸೊಸೆಗೆ ಇನ್ನೊಂದು ಮದುವೆ ಮಾಡಿಸಿದವಳೂ ಅವಳೇ. ಹುಡುಗಿ ಒಪ್ಪಿರಲಿಲ್ಲ. ನಾನು ಸತ್ತ ಮೇಲೆ ನಿನಗೆ ಬಿಸಿನೀರು ಕೊಡೋಕೂ ಯಾರೂ ಇರಲ್ಲ ಎಂದು ಗದರಿಸಿ, ಅತ್ತು, ಒಪ್ಪಿಸಿದಳು. ಬಟ್ಟೆ ಅಂಗಡಿಯ ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಿದ. ಸೊಸೆ ಹೊಸ ಮನೆಗೆ ಹೋದಳು. ವಾರಕ್ಕೊಮ್ಮೆ ಫೋನು ಮಾಡುವಳು. ಊಟ, ಆರೋಗ್ಯ, ಮೊಣಕಾಲು ನೋವು ಎಲ್ಲ ಆದ ಮೇಲೆ ಕೊನೆಗೆ ದನಿ ತಗ್ಗಿಸಿ, "ಲಾರಿ ಕಂಡಿತಾ ಅತ್ತೆ?" ಎನ್ನುವಳು.

ಹುಡುಗಿಗೆ ಮಗುವಾದ ಮೇಲಿನ ಒಂದು ದಿನ. ಮಗು ಹಾಲು ಕುಡಿದದ್ದು, ಮಗ್ಗುಲು ಮಗುಚಿದ್ದು, ಎಲ್ಲವನ್ನೂ ನಗುನಗುತ್ತಾ ಹೇಳಿದಳು. ಮಗು ಎದ್ದಿತು, ಇಡ್ತೀನಿ ಅತ್ತೆ ಎಂದಳು. ಫೋನು ಕಟ್ಟಾಯಿತು. ಲಾರಿಯ ಮಾತು ಬರಲಿಲ್ಲ.

ಇದಕ್ಕಾಗಿಯೇ ಅಲ್ಲವೇ ತಾನು ಇಷ್ಟೆಲ್ಲ ಮಾಡಿದ್ದು ಎಂದು ರಬ್ಬರಕ್ಕ ತನಗೆ ತಾನೇ ಹೇಳಿಕೊಂಡಳು. ಒಳ್ಳೆಯದಾಯಿತು, ಒಳ್ಳೆಯದೇ ಆಯಿತು. ಆದರೂ ಇನ್ನು ಮಗನನ್ನು ನೆನೆದು ಕೇಳುವವರು ತನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂಬುದು ಆಗ ಅವಳಿಗೆ ತಟ್ಟಿತು. ಹೊರಗೆ ತಮ್ಮ, ಬಂಪರು ಒಣಗಿತು ಬಾರಕ್ಕ ಎಂದು ಕೂಗಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಟೇಪಿನ ಸುರುಳಿ ಹುಡುಕುತ್ತಾ ಎದ್ದಳು.