ಹಿಂದುಗಡೆಯ ದೀಪದ ಮುಂದೆ ಯಾರೂ ಇಲ್ಲ

ಆಂಬುಲೆನ್ಸ್ ಕರೆ ಕೇಂದ್ರದ ಯಂತ್ರದ ಕೋಣೆಯಲ್ಲಿ ಇಬ್ಬರು ಹೆಂಗಸರು ಕೆಲಸ ಮಾಡುತ್ತಿದ್ದರು. ಹೋದ ತಿಂಗಳು ಒಬ್ಬರನ್ನು ತೆಗೆದುಹಾಕಲಾಯಿತು.

ಉಳಿದ ಒಬ್ಬರು ಈಗ, ಬೆಳಕು ಹರಿಯುವ ಹೊತ್ತಿಗೆ, ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಕೋಣೆ ಮೂಳೆ ಕೊರೆಯುವಷ್ಟು ತಣ್ಣಗಿದೆ. ಮೊಣಕೈ ಸವೆದ ಸ್ವೆಟರಿನ ಗುಂಡಿ ಹಾಕಿಕೊಂಡು, ಕರೆಗಳನ್ನು ನಡೆಸುವ ಯಂತ್ರವಾದ ಸರ್ವರ್‌ನ ಸ್ವಿಚ್ ಒತ್ತುತ್ತಾರೆ. ಇಲ್ಲಿ ಎಲ್ಲರಿಗೂ ಅವರು ದೀಪದಮ್ಮ.

ಈ ಸರ್ವರ್‌ಗೆ ಪ್ರೊಸೆಸರ್, ಅಂದರೆ ಮಿದುಳು, ಎರಡು. ಒಂದೇ ಕೆಲಸವನ್ನು ಎರಡೂ ಒಟ್ಟೊಟ್ಟಿಗೆ ಮಾಡುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಕರೆ ಕಡಿಯದಂತೆ ನಡೆಸುತ್ತದೆ. ಆದರೆ ಏಳುವಾಗ ಎರಡೂ ಒಟ್ಟಿಗೆ ಏಳುವುದಿಲ್ಲ. ಮೊದಲನೆಯದು ಎದ್ದು ತನ್ನ ಮೈಯನ್ನು ತಾನೇ ತಡವಿ ನೋಡಿಕೊಳ್ಳುತ್ತದೆ. ಆಮೇಲೆ ಎರಡನೆಯದು. ಮೊದಲನೆಯದರ ನೆನಪಿನಲ್ಲಿರುವುದೆಲ್ಲ ಎರಡನೆಯದಕ್ಕೆ ನಕಲಾಗಬೇಕು, ಎರಡರ ಹೆಜ್ಜೆ ಕೂಡಬೇಕು. ಅಲ್ಲಿಯವರೆಗೆ ಯಂತ್ರ ಒಂಟಿಕಾಲಲ್ಲಿ ನಿಂತಂತೆ. ಒಂದರ ದೀಪ ಮುಂದುಗಡೆ; ಇನ್ನೊಂದರದು ಹಿಂದುಗಡೆ, ಗೋಡೆಯ ಸಂದಿಯಲ್ಲಿ. ಎರಡೂ ಹಸಿರಾಗಿ ನಿಂತ ಮೇಲೆಯೇ ಮುಂದುಗಡೆಯ ಕೀಲಿ ತಿರುಗಿಸಿ ಫೋನ್ ಲೈನ್‌ಗಳನ್ನು ಯಂತ್ರಕ್ಕೆ ಒಪ್ಪಿಸಬೇಕು.

ಧೂಳು ತೆಗೆಯಲು ಯಂತ್ರ ನಿಲ್ಲಿಸಿದಾಗಲೆಲ್ಲ ಈ ಕೆಲಸವಿದೆ. ಆಗ ಪಕ್ಕದ ಕೋಣೆಯಲ್ಲಿ ಕರೆಗಳನ್ನು ಕೈಯಲ್ಲೇ ತೆಗೆದುಕೊಂಡು, ವಿಳಾಸಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ.

ಹಿಂದುಗಡೆಯ ಸಂದಿಯಲ್ಲಿ ನಿಲ್ಲುತ್ತಿದ್ದವರು, ಈಗ ಕೆಲಸ ಕಳೆದುಕೊಂಡವರು, ದೀಪದಮ್ಮನ ಓರಗಿತ್ತಿ. ಇವರು ಮುಂದಿನಿಂದ "ಬಂತಾ?" ಎಂದು ಕೂಗಬೇಕು, ಹಸಿರು ಕಂಡೊಡನೆ ಅವರು ಹಿಂದಿನಿಂದ "ಬಂತು" ಎನ್ನಬೇಕು. "ಮನೇಲಿ ನಾವಿಬ್ರೂ ಒಂದು ಮಾತಿಗೂ ಒಪ್ಪಿದೋರಲ್ಲ. ಸಾರಿಗೆ ಉಪ್ಪು ಹಾಕೋದ್ರಲ್ಲೂ ಜಗಳ. ಇಲ್ಲಿ ಮಾತ್ರ ಇಬ್ರೂ ಒಪ್ಪಿದ್ರೇನೇ ಕೆಲಸ," ಎಂದು ದೀಪದಮ್ಮ ನಗುತ್ತಾರೆ.

ಯಂತ್ರ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಇಬ್ಬರೇಕೆ ಎಂದರು ಮೇಲಿನವರು. ಯಂತ್ರ ಒಂಟಿಯಾಗಿರಬಾರದೆಂದು ಎರಡು ಮಿದುಳು ಕೊಂಡುತಂದವರಿಗೆ, ಅದನ್ನು ಎಬ್ಬಿಸುವ ಹೆಂಗಸಿಗೆ ಜೋಡಿ ದಂಡವೆನಿಸಿತು. ಕಬ್ಬಿಣದ ಪೆಟ್ಟಿಗೆ ಸುಸ್ತಾದೀತೆಂಬ ಕಾಳಜಿ ಇದೆ, ಓಡಾಡುವ ಹೆಂಗಸಿನ ಮೊಣಕಾಲಿನ ಬಗ್ಗೆ ಇಲ್ಲ!

ಒಬ್ಬರೇ ಆದ ಮೊದಲ ಬೆಳಗ್ಗೆ ದೀಪದಮ್ಮ ಹಿಂದೆ ಹೋಗಿ ನೋಡಿದರು, ಹಸಿರು. ಮುಂದೆ ಓಡಿ ಬಂದು ಲೈನ್ ಕೊಟ್ಟರು. ಓಡಿ ಬರುವಷ್ಟರಲ್ಲೇ ಹಿಂದಿನದರ ಹೆಜ್ಜೆ ತಪ್ಪಿತ್ತು. ಆಮೇಲೆ ಮುಂದಿನದೂ ಕುಸಿದು ಪರದೆಗಳೆಲ್ಲ ಕಪ್ಪಾದವು. ಎದೆನೋವಿನ ಗಂಡನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಮತ್ತೆ ಫೋನ್ ಮಾಡಿ, ಮತ್ತೆ ವಿಳಾಸ ಹೇಳಬೇಕಾಯಿತು. ಅವನು ಬದುಕಿದ. ದೀಪದಮ್ಮನನ್ನು ಎಲ್ಲರೆದುರು ನಿಲ್ಲಿಸಿ ಬೈದರು. ಜೋಡಿ ಮುರಿದವರನ್ನು ಯಾರೂ ಏನೂ ಕೇಳಲಿಲ್ಲ.

"ಮನೆಗೆ ಹೋದ್ರೆ ಓರಗಿತ್ತಿ ಬಾಗಿಲಲ್ಲೇ ಕೇಳ್ತಾಳೆ, ‘ಇವತ್ತು ಬಂತೇನೇ?’ ಅಂತ. ಕೆಲಸ ಹೋದ್ರೂ ದೀಪ ಅವಳನ್ನ ಬಿಟ್ಟಿಲ್ಲ."

ದೀಪದಮ್ಮ ಇಷ್ಟು ಹೇಳುವಷ್ಟರಲ್ಲಿ ಮೇಲ್ವಿಚಾರಕರು ಬೂಟುಗಾಲಲ್ಲೇ ಒಳಗೆ ನುಗ್ಗುತ್ತಾರೆ.

"ಏನಮ್ಮಾ, ಇನ್ನೂ ಆಗ್ಲಿಲ್ವಾ? ದೊಡ್ಡೋರು ನೋಡೋಕೆ ಬರ್ತಿದ್ದಾರೆ. ಆ ಕರಿಹಲಗೆ ಕಣ್ಣಿಗೆ ಬಿದ್ರೆ ನನ್ನ ಮಾನ ಹೋಗುತ್ತೆ. ಮುಂದಿಂದು ಹಸಿರಾಗಿದೆಯಲ್ಲ, ಲೈನ್ ಕೊಡಿ."

"ಹಿಂದಿಂದು ನೋಡ್ಬೇಕು ಸಾರ್."

"ನೋಡಿ ಬನ್ನಿ ಮತ್ತೆ!"

"ನಾನು ಆ ಕಡೆ ಹೋದ್ರೆ ಈ ಕಡೆ ಯಾರು? ಒಂದ್ಸಲ ನೀವೇ ಹಿಂದೆ ನಿಂತ್ಕೊಳ್ಳಿ."

ಅವರು ಗೊಣಗುತ್ತಾ, ಹೊಟ್ಟೆ ಒಳಗೆಳೆದುಕೊಂಡು ಸಂದಿಗೆ ತೂರುತ್ತಾರೆ.

"ಬಂತಾ?"

"ಹಳದಿ. ಮಿಟುಕ್ತಾ ಇದೆ."

"ಬಂತಾ?"

"ಬಂತು ಅಂದ್ಕೊಳ್ಳಿ ಅತ್ಲಾಗೆ! ಕೊಡಿ ಲೈನ್. ಹೇಳ್ತಿರೋದು ನಾನು."

ದೀಪದಮ್ಮ ಕೀಲಿಯನ್ನು ತಿರುಗಿಸುವುದಿಲ್ಲ. ಕಿತ್ತು ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಅಂದ್ಕೊಂಡು ಕೊಡಲ್ಲ ಸಾರ್. ನನ್ನ ಓರಗಿತ್ತಿ ಎಂಥ ಜಗಳಗಂಟಿ ಆದ್ರೂ, ಬರದೇ ಇದ್ದದ್ದನ್ನ ಬಂತು ಅಂತ ಒಂದಿನಾನೂ ಹೇಳಿಲ್ಲ. ಅಲ್ಲೇ ನಿಂತಿರಿ."

ಪಕ್ಕದ ಕೋಣೆಯಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಗುಟ್ಟುತ್ತದೆ.

"ಬಂತಾ ಸಾರ್?"