ಅರ್ಧ ಗುಳಿಗೆಗೆ ಒಂದು ಚಮಚ ಹಾಲು

ಹೂವಿನಹಡಗಲಿಯ ನಮ್ಮ ಮನೆಯಲ್ಲಿ ಮಲ್ಲಿಗೆಗೆ ಕೊರತೆ ಇರಲಿಲ್ಲ. ಹಿತ್ತಲಿನ ಆಚೆಗೇ ತೋಟ. ದೇವರಿಗೆ, ಮುಡಿಗೆ, ಸಂತೆಗೆ ಹೋಗಿ ಉಳಿದ ಹೂವಿಗೆ ಇನ್ನೊಂದು ಕೆಲಸವಿತ್ತು. ಕೂಸಿಗೆ ಮೊಲೆ ಬಿಡಿಸಬೇಕಾದಾಗ ಅದನ್ನು ತಾಯಿಯ ಎದೆಗೆ ಕಟ್ಟುತ್ತಿದ್ದರು. ಕಟ್ಟಿದರೆ ಹಾಲು ಬತ್ತುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನ ಮಗಳಿಗೆ ಐದು ತಿಂಗಳು. ಮೊದಲೇ ಸಣಕಲು ಕೂಸು, ಅದಕ್ಕೆ ಭೇದಿ ಹಿಡಿಯಿತು.

"ಇಬ್ಬನ್ಯಾಗ ಹೂ ಬಿಡಿಸಾಕ ಹೋಗ್ತೀ, ನಿನ್ನ ಹಾಲು ತಂಪಾಗೈತಿ. ಕೂಸಿಗೆ ಹೊಂದವಲ್ದು," ಎಂದರು ಅತ್ತೆ.

ನಾನು ಪಿಯುಸಿ ಓದಿದವಳು. ಆ ಓದನ್ನೆಲ್ಲ ಗೂಟಕ್ಕೆ ನೇತುಹಾಕಿ ಕುಪ್ಪಸ ಬಿಚ್ಚಿ ಕೂತೆ. ಅವರು ಎದೆಗೆ ಮಲ್ಲಿಗೆ ಸುತ್ತಿ ಬಟ್ಟೆ ಬಿಗಿದರು. ಕೂಸಿನ ಬಾಯಿಗೆ ನೀರು ಬೆರೆಸಿದ ಎಮ್ಮೆ ಹಾಲಿನ ಬಾಟಲಿ ಬಂತು. ನನ್ನ ಹಾಲು ಬತ್ತಿತು, ಭೇದಿ ಮಾತ್ರ ಹೆಚ್ಚಾಯಿತು.

ಕೂಸಿನ ಕಣ್ಣು ಗುಳಿಬಿದ್ದ ಮೇಲೆ ಆಸ್ಪತ್ರೆಗೆ ಓಡಿದೆವು. ನರ್ಸಮ್ಮ ಮೊದಲು ಉಪ್ಪು ಸಕ್ಕರೆಯ ಪುಡಿ ಕಲಸಿದ ನೀರು ಕುಡಿಸಿದರು. ಆಮೇಲೆ ಒಂದು ಸಣ್ಣ ಗುಳಿಗೆ ಮುರಿದು ಅರ್ಧ ನನ್ನ ಕೈಗಿಟ್ಟರು.

"ಇದು ಜಿಂಕ್ ಗುಳಿಗಿ. ಸೊರಗಿದ ಕೂಸಿನ ಕರುಳಿಗೆ ಬಲ ಬರತೈತಿ. ದಿನಾ ಅರ್ಧ, ನಿಮ್ಮ ಎದಿಹಾಲಿನ್ಯಾಗ ಕರಗಿಸಿ ಕುಡಿಸ್ರಿ. ಭೇದಿ ನಿಂತರೂ ಎರಡು ವಾರ ಬಿಡಬ್ಯಾಡ್ರಿ," ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ನಾನು ಗೋಡೆಗೆ ಮುಖ ಮಾಡಿ ಹಿಂಡಿದೆ. ಚಮಚದ ತಳ ಕೂಡ ಒದ್ದೆಯಾಗಲಿಲ್ಲ. ಎದೆಯಿಂದ ಬಾಡಿದ ಮಲ್ಲಿಗೆಯ ವಾಸನೆ ಮಾತ್ರ ಬಂತು. ನೀರಿನಲ್ಲಿ ಕರಗಿಸಲೇ ಎಂದು ಕೇಳಬಹುದಿತ್ತು. ಕೇಳಿದರೆ ಹಾಲು ಏನಾಯಿತೆಂದು ಹೇಳಬೇಕಲ್ಲ.

ಪಕ್ಕದ ಮಂಚದಲ್ಲಿ ಜ್ವರದ ಮಗುವನ್ನು ಮಲಗಿಸಿಕೊಂಡಿದ್ದವಳು ನಮ್ಮ ತೋಟಕ್ಕೆ ಹೂ ಬಿಡಿಸಲು ಬರುತ್ತಿದ್ದ ಹೆಂಗಸು. ನೀರು ಕೇಳಿದರೆ ಅತ್ತೆ ಆಕೆಯ ಬೊಗಸೆಗೆ ಮೇಲಿಂದ ಸುರಿಯುತ್ತಿದ್ದರು. ನಾನೂ ಹಾಗೆಯೇ ಸುರಿದವಳು. ಎಲ್ಲ ನೋಡಿದ್ದ ಆಕೆ ಮೆಲ್ಲಗೆ ಕೇಳಿದಳು:

"ನಮ್ಮ ಹಾಲು ನಡೀತೈತೇನ್ರಿ, ಅವ್ವಾರ?"

ಕೂಸು ಅಳಲೂ ಆಗದೆ ಬಿದ್ದಿತ್ತು. ಆದರೂ ನಾನು ಮೊದಲು ನೋಡಿದ್ದು ಬಾಗಿಲ ಕಡೆಗೆ. ಬಿಸಿನೀರು ತರಲು ಹೋದ ಅತ್ತೆ ಇನ್ನೂ ಬಂದಿರಲಿಲ್ಲ. ಆಮೇಲೆ ಚಮಚ ಚಾಚಿದೆ. ಆಕೆ ಚಮಚ ಮುಟ್ಟಲಿಲ್ಲ. ಮೇಲಿಂದಲೇ ಹಿಂಡಿದಳು. ಗುಳಿಗೆ ಕರಗಿತು, ಕೂಸು ಚಪ್ಪರಿಸಿ ನುಂಗಿತು.

ಹೀಗೆಯೇ ಕೆಲವು ದಿನ ನಡೆಯಿತು. ಭೇದಿ ಇಳಿಯಿತು, ಕೂಸು ಕಣ್ಣರಳಿಸಿ ನೋಡತೊಡಗಿತು. ಒಂದು ಮಧ್ಯಾಹ್ನ ಅತ್ತೆ ಚಮಚ ಮೂಸಿ ನೋಡಿ ಕೇಳಿದರು:

"ಯಾರ ಹಾಲಲೇ ಇದು?"

"ನಂದೇ, ಅತ್ತಿ. ಮತ್ತ ಬರಾಕ ಹತ್ತೈತಿ," ಎಂದೆ.

ಪಕ್ಕದ ಮಂಚ ಒಂದು ಮೊಳ ದೂರವೂ ಇರಲಿಲ್ಲ. ಆಕೆ ತನ್ನ ಮಗುವಿನ ಕಡೆ ಹೊರಳಿ ಮಲಗಿದಳು. ನಾಳೆ ಯಾವ ಮುಖ ಹೊತ್ತು ಚಮಚ ಚಾಚಲಿ?

ಮರುದಿನ ನಾನು ಚಾಚಲೇ ಇಲ್ಲ. ಆಕೆಯೇ ಎದ್ದು ಕೂತಳು. ಬಾಗಿಲ ಕಡೆ ಒಮ್ಮೆ ನೋಡಿ, ಅತ್ತೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗು ಸರಿಸಿದಳು.