ಟಿಣ್ ಎಂದರೆ ಡಬ್ಬಿಗೆ

ನಮ್ಮತ್ತಿಗೆಗೆ ಕಾರ್ಖಾನೆಯಲ್ಲಿ ‘ಕಿವಿಯಕ್ಕ’ ಎಂದೇ ಹೆಸರು. ನಾವಲ್ಲಿ ಮಾಡುವುದು ಮೂಳೆಯ ತುಂಡುಗಳನ್ನು. ಪಿಂಗಾಣಿ ಹಿಟ್ಟಿನ ಗಂಜಿಯಲ್ಲಿ ಸ್ಪಂಜನ್ನು ಅದ್ದಿ, ಹಿಂಡಿ, ಒಣಗಿಸುವುದು ನನ್ನ ಕೆಲಸ. ಕುಲುಮೆಯಲ್ಲಿ ಸ್ಪಂಜು ಸುಟ್ಟುಹೋಗಿ, ಮೈಯೆಲ್ಲ ತೂತಿರುವ ಬಿಳಿ ತುಂಡು ಉಳಿಯುತ್ತದೆ. ಡಾಕ್ಟರು ಅದನ್ನು ಮುರಿದ ಮೂಳೆಯ ನಡುವೆ ಕೂರಿಸಿದರೆ ತೂತುಗಳೊಳಗೆ ಹೊಸ ಮೂಳೆ ಬೆಳೆಯುತ್ತದೆ. ಒಳಗೆ ಬಿರುಕಿದ್ದರೆ ಮಾತ್ರ ಮೈಭಾರ ಬಿದ್ದ ದಿನವೇ ಪುಡಿ. ಆ ಬಿರುಕು ಕಣ್ಣಿಗೆ ಕಾಣದು. ಅತ್ತಿಗೆ ಒಂದೊಂದನ್ನೂ ಕಡ್ಡಿಯಿಂದ ತಟ್ಟಿ ಕೇಳುತ್ತಿದ್ದರು. ಟಿಣ್ ಎಂದರೆ ಡಬ್ಬಿಗೆ, ಟಕ್ ಎಂದರೆ ಬುಟ್ಟಿಗೆ. ಹದಿನಾಲ್ಕು ವರ್ಷ ಅವರ ಮಾತೇ ಕೊನೆಯ ಮಾತು. ಮನೆಯಲ್ಲೂ ಹಾಗೇ ಅನ್ನಿ.

ಒಂದು ಬೆಳಿಗ್ಗೆ ಕುಕ್ಕರ್ ಐದು ಸಲ ಕೂಗಿದರೂ ಪಕ್ಕದಲ್ಲೇ ಇದ್ದ ಅತ್ತಿಗೆ ಅಲುಗಲಿಲ್ಲ.

“ಕಿವೀನ ಎಲ್ಲಿ ಮರೆತು ಬಂದ್ರಿ ಅತ್ತಿಗೆ?” ಎಂದು ರೇಗಿಸಿದೆ. ಅವರ ಮುಖ ಬಿಳಿಚಿಕೊಂಡಿತು.

ಕಾರ್ಖಾನೆಗೆ ಹೋದವರೇ ಡಬ್ಬಿಯಿಂದೊಂದು, ಬುಟ್ಟಿಯಿಂದೊಂದು ತೆಗೆದು ತಟ್ಟಿದರು. ಮತ್ತೆ ತಟ್ಟಿದರು.

“ಎರಡೂ ಒಂದೇ ಥರ ಕೇಳ್ತಿದೆ ಕಣೇ. ಮಾತು ಕೇಳ್ಸುತ್ತೆ, ಟಿಣ್ ಅನ್ನೋ ಸಣ್ಣ ದನಿ ಮಾತ್ರ ಇಲ್ಲ.”

“ನೆಗಡಿ ಇರ್ಬೇಕು, ಯಾರಿಗೂ ಹೇಳ್ಬೇಡಿ,” ಎಂದೆ. ಅವರ ಕೆಲಸ ಹೋದೀತೆಂಬ ಭಯ ನನಗೆ. ಅವರ ಭಯವೇ ಬೇರೆ.

“ಹೋದ ತಿಂಗಳು ಹನ್ನೆರಡು ಕಳ್ಸಿದೀವಲ್ಲೇ,” ಎನ್ನುತ್ತಾ ಮೇಲ್ವಿಚಾರಕರ ಕೋಣೆಗೆ ನಡೆದರು.

ಮೇಲ್ವಿಚಾರಕರು ಆಸ್ಪತ್ರೆಗೆ ಫೋನ್ ಮಾಡಿದರು. ಮೂರನ್ನು ಆಗಲೇ ರೋಗಿಗಳ ಕಾಲಿಗೆ ಕೂರಿಸಿಯಾಗಿತ್ತು. ಅವರಲ್ಲೊಬ್ಬರನ್ನು ಅಂದೇ ಸಂಜೆ ಎಬ್ಬಿಸಿ ನಡೆಸುವವರಿದ್ದರು. “ಸುಮ್ನೆ ಗಾಬರಿ ಯಾಕೆ, ಉಳಿದದ್ದನ್ನ ಮೊದಲು ನೋಡೋಣ,” ಎಂದು ಮೇಲ್ವಿಚಾರಕರು ಫೋನ್ ಇಟ್ಟರು.

ಒಂಬತ್ತು ತುಂಡು ವಾಪಸ್ ಬರುವಾಗ ಸಂಜೆ ನಾಲ್ಕಾಗಿತ್ತು. ಮೇಲ್ವಿಚಾರಕರು ತಟ್ಟತೊಡಗಿದರು. ಅತ್ತಿಗೆ ನನ್ನ ಕೈ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಟಿಣ್ ಎಂದಾಗಲೆಲ್ಲ ನಾನು ತಲೆಯಾಡಿಸುತ್ತಿದ್ದೆ. ಆರು ದಾಟಿದಾಗ ಹೋದ ಜೀವ ಬಂದಂತಾಯಿತು. ಏಳನೆಯದು ಟಕ್ ಎಂದಿತು. ಅದಕ್ಕೂ ತಲೆಯಾಡಿಸಲು ನೋಡಿದೆ, ಕತ್ತು ನನ್ನ ಮಾತು ಕೇಳಲಿಲ್ಲ.

“ಸಾರ್, ಆ ರೋಗೀನ ಎಬ್ಬಿಸಿ ನಿಲ್ಲಿಸ್ಬೇಡಿ ಅನ್ನಿ,” ಎಂದರು ಅತ್ತಿಗೆ.

ಮೇಲ್ವಿಚಾರಕರು ಆಗಲೇ ಫೋನ್ ಕಿವಿಗೆ ಹಿಡಿದಿದ್ದರು. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಿರುವುದು ನಾನು ನಿಂತಲ್ಲಿಗೂ ಕೇಳುತ್ತಿತ್ತು. ಅತ್ತಿಗೆಗೆ ಕೇಳುತ್ತಿರಲಿಲ್ಲ.

“ಎತ್ತಿದ್ರಾ?” ಎಂದು ನನ್ನನ್ನು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಎತ್ತಿದ್ರಾ?”